1,30,000 ಆನೆ, ಒಂದು ನಿಂಬೆಹಣ್ಣು

ಬೋಟ್ಸ್ವಾನಾದ ಕಾಡಿಗೆ ಹೊರಟವರಿಗೆ ಮೊದಲು ಎದುರಾಗುವ ಪ್ರಾಣಿ ಎಕ್ಸೆಲ್ ಶೀಟು. ನಮ್ಮದು ದಿನದಿನಕ್ಕೂ ಬೆಳೆಯುತ್ತಿದೆ. ಒಂದು ಹಾಳೆಗೆ 'ನೀರು' ಅಂತ ಹೆಸರು, ಇನ್ನೊಂದಕ್ಕೆ 'ಡೀಸೆಲ್', ಮತ್ತೊಂದಕ್ಕೆ ಬರೀ 'ಭಟ್ಟರು'. ಭಟ್ಟರು ಏನು ತಿನ್ನುತ್ತಾರೆ, ಎಷ್ಟು ಹೊತ್ತಿಗೆ ತಿನ್ನುತ್ತಾರೆ, ತಿನ್ನದಿದ್ದರೆ ಉಳಿದವರ ಗತಿ ಏನು ಎಂಬ ವಿವರ ಅದರಲ್ಲಿದೆ.

ನಾವಿರುವುದು ರಾಜಧಾನಿ ಗ್ಯಾಬೊರೋನ್‌ನಲ್ಲಿ. ಹೊರಟಿರುವುದು ನಾನು, ನನ್ನ ಹೆಂಡತಿ, ಕುಮಟೆಯ ಭಟ್ಟ ದಂಪತಿ ಮತ್ತು ನವಲಗುಂದದ ಪಾಟೀಲರು. ಗಾಡಿ ಎರಡು. ಇಲ್ಲಿಂದ ಮೌನ್ ಊರಿಗೆ ಸುಮಾರು 900 ಕಿ.ಮೀ. ಟಾರು ರಸ್ತೆ. ಅಲ್ಲಿಂದ ಮೊರೆಮಿ, ಖ್ವಾಯಿ, ಸವೂಟಿ ಎಂಬ ಕಾಡುಗಳನ್ನು ಹಾದು ಕಸಾನೆ ಊರು ಸೇರುವ ತನಕ ಹೆಚ್ಚುಕಮ್ಮಿ ಮರಳೇ ಮರಳು. ನಡುವೆ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಅನ್ನುವಂಥ ಅಂಗಡಿ ಇಲ್ಲ. ಮಲಗುವ ಜಾಗಕ್ಕೆ ಬೇಲಿಯೂ ಇಲ್ಲ.

ಮೈಸೂರಿನವನಾದ ನನಗೆ ಈ ಬೇಲಿಯ ವಿಚಾರ ಅರಗುತ್ತಿಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಸಫಾರಿ ಅಂದರೆ ಅವರ ಬಸ್ಸು, ಅವರ ಡ್ರೈವರು, 'ಕೈ ಒಳಗಿಡಿ' ಎಂಬ ಗದರಿಕೆ. ಇಲ್ಲಿ ನಮ್ಮದೇ ಗಾಡಿ, ನಾವೇ ಡ್ರೈವರು, ರಾತ್ರಿ ಅಲ್ಲೇ ಮಲಗಿ ಅನ್ನುತ್ತಾರೆ. 2023ರ ಅಂದಾಜಿನಲ್ಲಿ ಕರ್ನಾಟಕದಲ್ಲಿ 6,395 ಆನೆ ಸಿಕ್ಕಾಗ ದೇಶಕ್ಕೇ ಮೊದಲು ಅಂತ ಬೀಗಿದ್ದೆವು. ಬೋಟ್ಸ್ವಾನಾದಲ್ಲಿ 2022ರ ಸಮೀಕ್ಷೆ ಪ್ರಕಾರ ಸುಮಾರು 1,30,000 ಇವೆ. ಜನಸಂಖ್ಯೆ 24 ಲಕ್ಷದ ಹತ್ತಿರ. ಲೆಕ್ಕ ಹಾಕಿದರೆ ನಮ್ಮ ಐವರ ಪಾಲಿಗೆ ಕಾಲು ಆನೆ ಬರುತ್ತದೆ. ಯಾವ ಕಾಲು ಎಂದು ಕೇಳಬೇಡಿ.

ಮೊದಲ ರಗಳೆ ಬುಕಿಂಗ್‌ನದು. ಕ್ಯಾಂಪ್ ಬುಕ್ ಆಗದೆ ಪಾರ್ಕಿನೊಳಗೆ ರಾತ್ರಿ ಉಳಿಯುವಂತಿಲ್ಲ. ಒಂದೊಂದು ಕ್ಯಾಂಪನ್ನು ಒಂದೊಂದು ಕಂಪನಿ ನಡೆಸುತ್ತದೆ, ಒಬ್ಬರ ಖಾಲಿ ದಿನ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಸಿಕ್ಕ ತಾರೀಖುಗಳನ್ನು ಸಾಲಾಗಿಟ್ಟರೆ ನಮ್ಮ ಪ್ರವಾಸ ಹೀಗೆ: ಮೊದಲು ದೂರದ ಸವೂಟಿ, ಮರುದಿನ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ ಮೊರೆಮಿಯ ಥರ್ಡ್ ಬ್ರಿಡ್ಜ್ ಕ್ಯಾಂಪ್, ಅದರ ಮರುದಿನ ಮತ್ತೆ ಸವೂಟಿ. "ಒಂದೇ ಆನೆ ಎರಡು ಸಲ ನೋಡೋದಾ ಮಾರಾಯ್ರೆ?" ಅಂದರು ಭಟ್ಟರು. ದಿನಕ್ಕಿಷ್ಟು ಮೇಲ್ ಬರೆದು, ಕಾಡಿ ಬೇಡಿ ಅದನ್ನು ನೆಟ್ಟಗೆ ಮಾಡಿದ್ದು ಭಟ್ಟರ ಹೆಂಡತಿ. ಆಗಸ್ಟ್ ತಿಂಗಳು ಗಟ್ಟಿಯಾಯಿತು.

ಆಗಸ್ಟ್ ಅಂದರೆ ಇಲ್ಲಿ ಒಣ ಕಾಲ, ಒಂದು ಹನಿ ಮಳೆ ಇಲ್ಲ. ನಿಶ್ಚಿಂತೆ ಅಂದುಕೊಳ್ಳುವಷ್ಟರಲ್ಲಿ ನೀರಿನ ಸುದ್ದಿ ಬಂತು. ಒಕವಾಂಗೋ ನದಿಗೆ ಮಳೆ ಬೀಳುವುದು ದೂರದ ಅಂಗೋಲಾದ ಬೆಟ್ಟಗಳಲ್ಲಿ, ವರ್ಷದ ಆರಂಭದಲ್ಲಿ. ಆ ನೀರು ಸಮತಟ್ಟು ನೆಲದಲ್ಲಿ ನಿಧಾನಕ್ಕೆ ಹರಿದು, ಮದುವೆ ಮುಗಿದು ಚಪ್ಪರ ಬಿಚ್ಚುವಾಗ ಬರುವ ನೆಂಟರ ಹಾಗೆ ಜೂನ್-ಆಗಸ್ಟ್ ಹೊತ್ತಿಗೆ ಮೊರೆಮಿ ಕಡೆ ತುಂಬಿಕೊಳ್ಳುತ್ತದೆ. ಥರ್ಡ್ ಬ್ರಿಡ್ಜ್ ಅಂದರೆ ಮೊಪಾನೆ ಮರದ ದಿಮ್ಮಿಗಳನ್ನು ಜೋಡಿಸಿದ ಸೇತುವೆ. ಅದಕ್ಕೆ ಇಳಿಯುವ ದಾರಿ ನೀರಿನಲ್ಲಿದ್ದರೆ ಒಬ್ಬರು ಮೊದಲು ನಡೆದು ಆಳ ನೋಡಬೇಕಲ್ಲ ಅಂದೆ. ಮೊಸಳೆ ಇದೆಯಂತೆ ಅಂದಳು ನನ್ನ ಹೆಂಡತಿ. ಆ ಸಾಲಿನ ಮುಂದೆ ಎಕ್ಸೆಲ್‌ನಲ್ಲಿ ಇನ್ನೂ ಯಾರ ಹೆಸರೂ ಇಲ್ಲ.

ಪಾಟೀಲರಿಗೆ ಮೊಸಳೆಯ ಭಯ ಇಲ್ಲ. ಮಣ್ಣಿನ ಭಯ. ಸವೂಟಿಗೆ ಹೋಗಲು ಎರಡು ದಾರಿ: ಒಂದು ಮರಳು ದಿಬ್ಬದ್ದು, ಇನ್ನೊಂದು ಜೌಗಿನ ಪಕ್ಕದ್ದು. ಎರಡನೆಯದು ಎರೆ ಮಣ್ಣು. ಮಳೆಗಾಲದಲ್ಲಿ ಗಾಡಿ ಹೂತರೆ ಮುಗಿಯಿತು, ಒಣಗಿದಾಗ ಬರೀ ಕುಲುಕಾಟ. ಒಣಗಿರುತ್ತದೆ ಅಂತ ಎಷ್ಟು ಹೇಳಿದರೂ ಪಾಟೀಲರು ಕೇಳಲೇ ಇಲ್ಲ. "ಅಲ್ರೀ, ಎರಿ ಮಣ್ಣಿನಾಗ ಹುಟ್ಟಿ ಬೆಳದೀನಿ. ಅದರ ಬುದ್ಧಿ ನನಗ ಗೊತ್ತೈತಿ. ಸಿಂಹ ನಂಬ್ರಿ, ಎರಿ ಮಣ್ಣು ನಂಬಬ್ಯಾಡ್ರಿ." ಆಫ್ರಿಕಾದ ನಡುವೆ ನವಲಗುಂದದ ಮಾತು ಗೆದ್ದಿತು. ಮರಳಿನ ದಾರಿಯೇ ಆಯಿತು.

ಮರಳಿಗೆ ಬೇರೆ ವಿದ್ಯೆ. ಟಾರು ರಸ್ತೆಗೆಂದು ಟೈರಿಗೆ ತುಂಬಿದ ಗಾಳಿಯ ಒತ್ತಡವನ್ನು 1.5 ಬಾರ್ (ಸುಮಾರು 22 ಪಿಎಸ್‌ಐ) ಆಸುಪಾಸಿಗೆ ಇಳಿಸಬೇಕು. ಟೈರು ಅಗಲವಾಗಿ ಕೂತು ಮರಳಿನ ಮೇಲೆ ತೇಲುತ್ತದೆ. ಅಭ್ಯಾಸ ಆಗಲಿ ಅಂತ ಭಟ್ಟರು ಒಂದು ಭಾನುವಾರ ನಮ್ಮ ಕಾಂಪೌಂಡಿನಲ್ಲಿ ನಾಲ್ಕೂ ಟೈರಿನ ಗಾಳಿ ಬಿಟ್ಟರು. ಬಹಳ ಖುಷಿಯಿಂದ ಬಿಟ್ಟರು. ಆಮೇಲೆ ಕಂಪ್ರೆಸರ್ ವೈರನ್ನು ಸಿಗರೇಟ್ ಲೈಟರ್ ತೂತಿಗೆ ಚುಚ್ಚಿದರು. ಆ ಗಾತ್ರದ ಕಂಪ್ರೆಸರಿಗೆ ಬ್ಯಾಟರಿಯಿಂದಲೇ ನೇರ ಕರೆಂಟ್ ಕೊಡಬೇಕು. ಟಪ್ ಅಂತ ಫ್ಯೂಸ್ ಹೋಯಿತು. ಸೆಕ್ಯುರಿಟಿಯವನ ಸೈಕಲ್ ಪಂಪು ತಂದು ಪಾಟೀಲರು ಹೊಡೆದರು, ನಾನು ಹೊಡೆದೆ, ಭಟ್ಟರು ಎಣಿಸಿದರು. ಎಣಿಕೆ ಮುನ್ನೂರು ದಾಟಿದಾಗಲೂ ನಮ್ಮ ಹೈಲಕ್ಸ್ ಗಾಡಿಯ ಒಂದು ಟೈರಿಗೆ ಏನೂ ಅನಿಸಿರಲಿಲ್ಲ. ಕೊನೆಗೆ ಆಮೆ ವೇಗದಲ್ಲಿ ಬಂಕಿಗೆ ಹೋಗಿಬಂದೆವು.

ಅದೇ ರಾತ್ರಿ ಗಾಡಿಯ ಮೇಲಿನ ಟೆಂಟಿನ ಪರೀಕ್ಷೆ. ಏಣಿ ಹತ್ತಿ ನಾನೂ ಪಾಟೀಲರೂ ಮಲಗಿದೆವು. ನಡುರಾತ್ರಿ ಟಾರ್ಚ್ ಬಿತ್ತು. ಕೆಳಗೆ ಸೆಕ್ಯುರಿಟಿಯವನು. "ದುಮೇಲಾ ರ್ರಾ," ಅಂತ ಮರ್ಯಾದೆಯಿಂದ ನಮಸ್ಕಾರ ಹೇಳಿದ. ಮನೆಯ ಕೀ ಕಳೆದುಹೋಯಿತಾ ಅಂತ ಕೇಳಿದ. ಇಲ್ಲ ಅಂದೆ. ತಲೆ ಎತ್ತಿ ನಮ್ಮ ಮನೆಯ ಕಿಟಕಿ ನೋಡಿದ. ದೀಪ ಉರಿಯುತ್ತಿತ್ತು, ಹೆಂಡತಿ ನಿಂತಿದ್ದಳು. ಅವನಿಗೆ ಎಲ್ಲ ಅರ್ಥವಾಯಿತು. ನಾಳೆ ಹೊತ್ತಿಗೆ ಸರಿಹೋಗುತ್ತದೆ ಅಂತ ಸಮಾಧಾನ ಹೇಳಿ, ಟಾರ್ಚ್ ಆರಿಸಿಕೊಂಡು ಹೋದ.

ಟೆಂಟಿನ ನಿಜವಾದ ಸಮಸ್ಯೆ ಇಳಿಯುವುದು. ಏಣಿಗೂ ಶೌಚಾಲಯಕ್ಕೂ ನಡುವೆ ರಾತ್ರಿ ಯಾರು ಬೇಕಾದರೂ ಅಡ್ಡಾಡಬಹುದು. ಸವೂಟಿಯಲ್ಲಂತೂ ನೀರಿನ ಆಸೆಗೆ ಆನೆಗಳು ನುಗ್ಗುತ್ತವೆಂದು ಶೌಚಾಲಯದ ಸುತ್ತ ದಪ್ಪ ಗೋಡೆ ಕಟ್ಟಿದ್ದಾರೆ. "ಶೌಚಾಲಯಕ್ಕೆ ಕೋಟೆ, ನಮಗೆ ಬಟ್ಟೆ. ಯಾರ್ರೀ ಈ ಪ್ಲಾನ್ ಮಾಡಿದ್ದು?" ಎಂಬ ನನ್ನ ಹೆಂಡತಿಯ ಪ್ರಶ್ನೆಗೆ ಉತ್ತರ ಇಲ್ಲ. ಸಂಜೆ ಆರರ ಮೇಲೆ ಮಜ್ಜಿಗೆ ನಿಷೇಧ ಎಂದು ಠರಾವಾಗಿದೆ. ಹೊರಗೆ ಬಿಟ್ಟ ಚರ್ಮದ ಚಪ್ಪಲಿಯನ್ನು ಕತ್ತೆಕಿರುಬ ಎತ್ತಿಕೊಂಡು ಹೋಗುವುದರಿಂದ, ಪಾಟೀಲರ ಕೊಲ್ಹಾಪುರಿ ಅವರ ಪಕ್ಕದಲ್ಲೇ ಮಲಗುತ್ತದೆ.

ಅಡುಗೆಯ ಹಾಳೆಗೆ ಬರೋಣ. ಭಟ್ಟರ ಹೆಂಡತಿಗೆ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಕತ್ತಲ ಕಾಡಿನಲ್ಲಿ ಮೂರು ವಿಷಲ್ ಹೊಡೆದರೆ ಯಾರು ಬರುತ್ತಾರೆ, ಯಾರು ಓಡುತ್ತಾರೆ? ಹಗಲು ಮಾತ್ರ ವಿಷಲ್ ಎಂದು ರಾಜಿಯಾಯಿತು. ದೋಸೆ ಹಿಟ್ಟು ಬೇಡವೇ ಬೇಡ ಅಂದವರು ಪಾಟೀಲರು. ಅದಕ್ಕೊಂದು ಹಿನ್ನೆಲೆ ಇದೆ. ಇಲ್ಲಿ ಕಾಡೆಮ್ಮೆಗಳಿಂದ ದನಗಳಿಗೆ ಕಾಲುಬಾಯಿ ರೋಗ ಹರಡದಿರಲೆಂದು ದೇಶದ ಉದ್ದಗಲಕ್ಕೂ ಬೇಲಿ ಹಾಕಿದ್ದಾರೆ. ಉತ್ತರದಿಂದ ದಕ್ಷಿಣಕ್ಕೆ ಬರುವಾಗ ಗೇಟಿನಲ್ಲಿ ಗಾಡಿ ನಿಲ್ಲಿಸಿ ಹಸಿ ಮಾಂಸ ಹುಡುಕುತ್ತಾರೆ, ಚಪ್ಪಲಿಯನ್ನು ಔಷಧಿ ನೀರಿನಲ್ಲಿ ಅದ್ದಿಸುತ್ತಾರೆ. ಹಿಂದೊಮ್ಮೆ ಹಾಗೆ ಬರುವಾಗ ಪಾಟೀಲರ ಡಬ್ಬದಲ್ಲಿ ದೋಸೆ ಹಿಟ್ಟಿತ್ತು. ಬಿಸಿಲಿಗೆ ಉಬ್ಬಿ ಮುಚ್ಚಳ ಎತ್ತಿಕೊಂಡಿತ್ತು, ಗುಳ್ಳೆ ಬರುತ್ತಿತ್ತು. ಅಧಿಕಾರಿ ಬಗ್ಗಿ ನೋಡಿದರು. ಅದೂ ಉಸಿರಾಡುತ್ತಾ ಅವರನ್ನು ನೋಡಿತು. ಅವರು ಮುಚ್ಚಳ ಒತ್ತಿ, ಹೋಗಿ ಅಂತ ಕೈ ಮಾಡಿದರಂತೆ.

ಈಗ ನಡೆಯುತ್ತಿರುವ ದೊಡ್ಡ ಜಗಳ ನಿಂಬೆಹಣ್ಣಿನದು. ಕಿತ್ತಳೆ, ನಿಂಬೆ ಜಾತಿಯ ಹಣ್ಣು ತರಬೇಡಿ, ವಾಸನೆ ಹಿಡಿದು ಆನೆ ಗಾಡಿಗೇ ಕೈ ಹಾಕುತ್ತದೆ ಅಂತ ಇಲ್ಲಿ ಕಾಡು ತಿರುಗಿದವರೆಲ್ಲ ಹೇಳುತ್ತಾರೆ. ಚಿತ್ರಾನ್ನಕ್ಕೆ ಹುಣಸೆಹಣ್ಣು ಹಾಕೋಣ ಅಂದರೂ ಹೊರಡುವಾಗ ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣು ಇಡಬೇಡವಾ? ಇಟ್ಟರೆ ನಾಲ್ಕೂ ಚಕ್ರಕ್ಕೆ ಆನೆಯ ಆಹ್ವಾನ ಪತ್ರಿಕೆ ಅಂಟಿಸಿದಂತೆ. ಇಡದಿದ್ದರೆ ದಾರಿಯಲ್ಲಿ ಪಂಕ್ಚರ್ ಆದ ಪಾಪ ಯಾರಿಗೆ? ಬೇಲಿ ಗೇಟಿನಲ್ಲಿ ಟೈರಿಗೂ ಔಷಧಿ ಹೊಡೆಯುತ್ತಾರಲ್ಲ, ವಾಸನೆ ಹೋಗುತ್ತದೆ ಅಂದರು ಭಟ್ಟರು. "ಅದು ತಿರುಗಿ ಬರೂವಾಗ್ರೀ," ಅಂದರು ಪಾಟೀಲರು. 900 ಕಿ.ಮೀ. ಟಾರು ರಸ್ತೆ ಉಜ್ಜಿದ ಮೇಲೆ ಏನೂ ಉಳಿಯುವುದಿಲ್ಲ ಎಂದು ನಾನು ಹೇಳಿ, ಪೂಜೆಗೆ ಒಪ್ಪಿಗೆ ಸಿಕ್ಕಿತು.

ಅಷ್ಟರಲ್ಲಿ ಊರಿಂದ ಅತ್ತೆ ಕಳಿಸಿದ ನಿಂಬೆ ಉಪ್ಪಿನಕಾಯಿ ಜಾಡಿ ಹೊರಬಂತು. ಎರಡು ವರ್ಷ ಹಳೆಯದು, ಮುಚ್ಚಳ ತೆಗೆದರೆ ಪಕ್ಕದ ಮನೆಯವರ ಬಾಯಲ್ಲೂ ನೀರು ಬರುತ್ತದೆ. ಆನೆಗೆ ಉಪ್ಪಿನಕಾಯಿ ಹಿಡಿಸುತ್ತದಾ ಎಂಬ ಬಗ್ಗೆ ಯಾವ ಗೈಡ್ ಪುಸ್ತಕದಲ್ಲೂ ಒಂದು ಸಾಲಿಲ್ಲ. ಬಿಟ್ಟು ಬರುವ ಮಾತೇ ಇಲ್ಲ ಅಂದಳು ನನ್ನ ಹೆಂಡತಿ. ಸರಿ, ಯಾವ ಟೆಂಟಿನಲ್ಲಿ ಇಡುವುದು ಎಂದು ಮತಕ್ಕೆ ಹಾಕಿದೆವು. ನಾಲ್ಕು ಮತ ನನ್ನ ದಿಂಬಿನ ಪಕ್ಕಕ್ಕೆ ಬಿದ್ದವು.