ದಾವೆಯ ಹಕ್ಕು: ಆಕ್ಲೆಂಡಿನಿಂದ ಉಡುಪಿಯ ಕಡೆಗೊಂದು ನೋಟ

ನಾನು ವಾಸವಾಗಿರುವ ನ್ಯೂಜಿಲೆಂಡಿನಲ್ಲಿ ಚಿಕಿತ್ಸೆಯಿಂದ ದೇಹಕ್ಕೆ ಊನವಾದರೆ ನಷ್ಟಪರಿಹಾರ ಕೋರಿ ವೈದ್ಯರ ಮೇಲೆ ದಾವೆ ಹೂಡುವಂತಿಲ್ಲ. ಊರಿಗೆ ಬಂದಾಗ ಈ ಮಾತು ಹೇಳಿದರೆ ಉಡುಪಿಯ ನೆಂಟರಿಗೆ ನಂಬಿಕೆಯೇ ಬರುವುದಿಲ್ಲ. ಅಷ್ಟು ಮುಂದುವರಿದ ದೇಶದಲ್ಲಿ ರೋಗಿಗೆ ಇಷ್ಟೂ ಹಕ್ಕಿಲ್ಲವೇ ಎಂದು ಕೇಳುತ್ತಾರೆ. ಮಂಗಳೂರಿನ ಕೆಲವು ವೈದ್ಯಮಿತ್ರರಿಗಾದರೋ ಇದು ಬಹಳ ಹಿಡಿಸುತ್ತದೆ, ನಮ್ಮಲ್ಲಿಯೂ ಹಾಗೆಯೇ ಆಗಬೇಕು ಎನ್ನುತ್ತಾರೆ. ಇಬ್ಬರ ಕಿವಿಗೂ ಬಿದ್ದಿರುವುದು ಅರ್ಧ ಕತೆ.

ನ್ಯಾಯಮೂರ್ತಿ ವುಡ್‌ಹೌಸ್ ಅವರ ಆಯೋಗ 1967ರಲ್ಲಿ ನೀಡಿದ ವರದಿಯ ಮೇಲೆ ನಿಂತು, 1974ರ ಏಪ್ರಿಲಿನಲ್ಲಿ ಜಾರಿಗೆ ಬಂದ ಅಪಘಾತ ಪರಿಹಾರ ವ್ಯವಸ್ಥೆಯು ಅಲ್ಲಿನ ಜನರಿಂದ ದಾವೆಯ ಹಕ್ಕನ್ನು ಪುಕ್ಕಟೆಯಾಗಿ ಪಡೆದುಕೊಳ್ಳಲಿಲ್ಲ. ತಪ್ಪು ಯಾರದೆಂದು ಕೇಳದೆ ಚಿಕಿತ್ಸೆಯ ಖರ್ಚನ್ನೂ, ದುಡಿಯಲಾಗದ ಅವಧಿಗೆ ಸಂಬಳದ 80 ಶೇಕಡಾವನ್ನೂ ಕೊಡುವ ಹೊಣೆಯನ್ನು ಸರಕಾರ ಹೊತ್ತುಕೊಂಡ ಮೇಲೆ ಜನ ಆ ಹಕ್ಕನ್ನು ಬಿಟ್ಟುಕೊಟ್ಟರು. ಅದಕ್ಕೆ ಹಣವೂ ನಮ್ಮದೇ. ನನ್ನ ಸಂಬಳದಿಂದ ಪ್ರತಿ ಸಲವೂ ಅದರ ಪಾಲು ಕಡಿತವಾಗುತ್ತದೆ. ನನ್ನ ಹೆಂಡತಿಗೆ ಒಂದು ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾಗಿ ಎರಡು ಬೆರಳು ಜೋಮು ಹಿಡಿದಾಗ, ಮುಂದಿನ ಭೇಟಿಯಲ್ಲಿ ಆ ವೈದ್ಯೆಯೇ ಹೀಗಾಗಿದೆ ಎಂದು ಬಿಡಿಸಿ ಹೇಳಿ, ಪರಿಹಾರದ ಅರ್ಜಿಯನ್ನು ತಾವೇ ತುಂಬಿ ಕಳುಹಿಸಿದರು. ಹಾಗೆ ಹೇಳಿದ್ದರಿಂದ ಅವರು ಕಳೆದುಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ನಮ್ಮ ದೊಡ್ಡಪ್ಪನ ಪ್ರಕರಣ. ಉಡುಪಿ ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದವರಿಗೆ ತಿಂಗಳಾದರೂ ಜ್ವರ ಬಿಡಲಿಲ್ಲ. ಬೇರೊಂದು ಕಡೆ ಎರಡನೇ ಬಾರಿ ಹೊಟ್ಟೆ ತೆರೆದಾಗ ಒಳಗೆ ಉಳಿದುಹೋಗಿದ್ದ ಬಟ್ಟೆಯ ತುಂಡು ಸಿಕ್ಕಿತು. ಮೊದಲ ಆಸ್ಪತ್ರೆಯ ಕಡತದ ಪ್ರತಿ ಕೇಳಲು ಹೋದ ಅಣ್ಣನನ್ನು ಇಂದು ಬನ್ನಿ, ನಾಳೆ ಬನ್ನಿ ಎಂದು ಆರು ವಾರ ಅಲೆಸಿದರು. ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಹೇಳುತ್ತವೆ. ಅದನ್ನು ಅಣ್ಣ ಅವರಿಗೆ ತೋರಿಸಿಯೂ ಆಗಿತ್ತು. ಕೊನೆಗೆ ವಕೀಲರ ನೋಟಿಸು ತಲುಪಿದ ನಾಲ್ಕನೇ ದಿನ ಕಾಗದಪತ್ರಗಳೆಲ್ಲ ಕೈಗೆ ಬಂದವು.

ದಾವೆಯ ಹಕ್ಕು ಉಳಿಯಬೇಕೆಂದು ನಾನು ಹೇಳುವುದು ಮುಖ್ಯವಾಗಿ ಈ ನಾಲ್ಕು ದಿನಗಳ ಕಾರಣಕ್ಕೆ. ಹಣ ಬರುವುದು, ಬಾರದಿರುವುದು ಆಮೇಲಿನ ಮಾತು. ನ್ಯಾಯಾಲಯವೊಂದು ಹಿಂದೆ ನಿಂತಿದೆ ಎಂಬ ಅಳುಕಿಲ್ಲದೆ ಹೋದರೆ ನಮ್ಮಲ್ಲಿ ರೋಗಿಗೆ ತನ್ನ ದೇಹದೊಳಗೆ ಏನಾಯಿತೆಂಬುದೂ ತಿಳಿಯುವುದಿಲ್ಲ. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತದ್ದರಿಂದಲೇ ಸಾಮಾನ್ಯರಿಗೆ ಜಿಲ್ಲೆಯ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವ ದಾರಿ ತೆರೆಯಿತು. (ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ಅದೇ ತೀರ್ಪು ಹೊರಗಿಟ್ಟಿತು ಎಂಬುದು ಬೇರೆಯೇ ಒಂದು ಬೇಸರ.) ಪೊಲೀಸ್ ಕೇಸಿನ ವಿಚಾರ ಇಲ್ಲಿ ಬೇಡ, ಘೋರ ನಿರ್ಲಕ್ಷ್ಯವಿಲ್ಲದೆ ವೈದ್ಯರನ್ನು ಅಪರಾಧಿಗಳಂತೆ ಕಾಣಬಾರದೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿರುವುದು ನನಗೆ ಸರಿಯಾಗಿಯೇ ಕಾಣುತ್ತದೆ.

ಹಾಗೆಂದು ಈ ದಾರಿ ಸಲೀಸಾದುದೆಂದು ಹೇಳಲಾರೆ. ಕೋಲ್ಕತ್ತದಲ್ಲಿ ನಡೆದ ತಪ್ಪು ಚಿಕಿತ್ಸೆಯಿಂದ 1998ರಲ್ಲಿ ಪತ್ನಿಯನ್ನು ಕಳೆದುಕೊಂಡ ಕುನಾಲ್ ಸಾಹಾ ಸ್ವತಃ ವೈದ್ಯರು. ಆದರೂ ಸುಪ್ರೀಂ ಕೋರ್ಟಿನಿಂದ ಸುಮಾರು 6 ಕೋಟಿ ರೂಪಾಯಿ ಮತ್ತು ಬಡ್ಡಿಯ ಆದೇಶ ಅವರಿಗೆ ದೊರೆತದ್ದು 2013ರಲ್ಲಿ. ನಮ್ಮ ಕರಾವಳಿಗೆ ಇನ್ನೊಂದು ತೊಡಕಿದೆ. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ತೆರೆದಲ್ಲಿಂದ ಮೊದಲ್ಗೊಂಡು ಕಂಕನಾಡಿ, ದೇರಳಕಟ್ಟೆಗಳವರೆಗೆ ಕಾಲೇಜುಗಳು ಬೆಳೆದು ನಿಂತಿರುವ ಈ ನೆಲದಲ್ಲಿ ತಜ್ಞರಿಗೇನೂ ಬರವಿಲ್ಲ. ಆದರೆ ಅವರಲ್ಲಿ ಹಲವರು ಒಟ್ಟಿಗೆ ಓದಿದವರು, ಒಬ್ಬರು ಇನ್ನೊಬ್ಬರಿಗೆ ಪಾಠ ಹೇಳಿದವರು. ಇವರಿಂದ ತಪ್ಪಾಗಿದೆ ಎಂದು ಲಿಖಿತ ಅಭಿಪ್ರಾಯ ಕೊಡುವವರನ್ನು ಹುಡುಕಿ ಅಣ್ಣ ಬೆಂಗಳೂರಿಗೆ ಹೋಗಬೇಕಾಯಿತು.

ವೈದ್ಯಮಿತ್ರರ ಅಳಲನ್ನೂ ನಾನು ತಳ್ಳಿಹಾಕುವುದಿಲ್ಲ. ಕೇಸಿನ ಭಯದಿಂದಲೇ ಬೇಡದ ಸ್ಕ್ಯಾನಿಂಗ್ ಬರೆಯುತ್ತೇವೆ, ಕಷ್ಟದ ರೋಗಿಯನ್ನು ಮುಂದಿನ ಆಸ್ಪತ್ರೆಗೆ ಸಾಗಹಾಕುತ್ತೇವೆ ಎಂದು ಅವರೇ ಒಪ್ಪಿಕೊಳ್ಳುತ್ತಾರೆ, ಮತ್ತು ಅದರ ಬಿಲ್ಲು ಕಟ್ಟುವವರು ರೋಗಿಗಳೇ. ಆದರೆ ಅವರು ಮೆಚ್ಚುವ ನ್ಯೂಜಿಲೆಂಡಿಗೂ ದಾವೆಯ ಜಾಗದಲ್ಲಿ ಪರಿಹಾರದ ಹಣವನ್ನಷ್ಟೇ ಇಟ್ಟರೆ ಸಾಲದೆಂಬುದು ತಡವಾಗಿ ಅರಿವಾಯಿತು. ಆಕ್ಲೆಂಡಿನ ಮಹಿಳಾ ಆಸ್ಪತ್ರೆಯೊಂದರಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಪೂರ್ವಸ್ಥಿತಿಯಲ್ಲಿದ್ದ ಹೆಂಗಸರಿಗೆ, ಅವರ ಅರಿವಿಗೆ ಬಾರದಂತೆ, ರೂಢಿಯ ಚಿಕಿತ್ಸೆ ಕೊಡದೆ ವರ್ಷಗಟ್ಟಲೆ ನೋಡುತ್ತಾ ಕೂತದ್ದನ್ನು 1988ರ ಕಾರ್ಟ್‌ರೈಟ್ ವಿಚಾರಣೆ ಬಯಲಿಗೆಳೆಯಿತು. ಆಮೇಲೆ, 1994ರ ಕಾನೂನಿನ ಮೂಲಕ, ರೋಗಿಗಳ ದೂರು ಕೇಳಲೆಂದೇ ಸ್ವತಂತ್ರ ಆಯುಕ್ತರ ಹುದ್ದೆ ಹುಟ್ಟಿತು. 1996ರಲ್ಲಿ ರೋಗಿಗಳ ಹತ್ತು ಹಕ್ಕುಗಳ ಸಂಹಿತೆ ಜಾರಿಗೆ ಬಂತು.

ಆದ್ದರಿಂದ ಹಕ್ಕು ಬಿಟ್ಟುಕೊಡುವ ಮಾತನ್ನು ಊರಿನವರು ಈಗಲೇ ಆಡಬಾರದು. ಬೇಕಾದರೆ ಚಿಕ್ಕದಾಗಿ ಆರಂಭಿಸಬಹುದು: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರಕಾರವೇ ಆಸ್ಪತ್ರೆಗೆ ಹಣ ಕಟ್ಟುವ ಚಿಕಿತ್ಸೆಗಳಿಗಾದರೂ, ಊನವಾದವರಿಗೆ ತಪ್ಪಿನ ವಿಚಾರಣೆಯಿಲ್ಲದೆ ಪರಿಹಾರ ನೀಡುವ ನಿಧಿಯೊಂದು ಬರಲಿ. ಅದು ಹತ್ತು ವರ್ಷ ನೆಟ್ಟಗೆ ನಡೆದು, ಕಡತಗಳು ಕೇಳಿದ ಕೂಡಲೇ ಸಿಗುವಂತಾದರೆ, ಆಗ ದಾವೆಯ ಹಕ್ಕನ್ನು ಮೇಜಿನ ಮೇಲಿಟ್ಟು ಚೌಕಾಶಿಗೆ ಕೂರಬಹುದು.

ದೊಡ್ಡಪ್ಪ ಕೊನೆಗೂ ಕೇಸು ಹಾಕಲಿಲ್ಲ. ಆಸ್ಪತ್ರೆಯವರು ಎರಡನೇ ಶಸ್ತ್ರಚಿಕಿತ್ಸೆಯ ಖರ್ಚು ಕೊಡಲು ಒಪ್ಪಿದರು, ಇವರು ಸಹಿ ಹಾಕಿದರು. ನಾನು ಫೋನಿನಲ್ಲಿ ರೇಗಿದ್ದಕ್ಕೆ, "ನಿನಗೇನು ಮಾರಾಯ, ನೀನು ಅಲ್ಲಿದ್ದಿ. ನಾಳೆ ರಾತ್ರಿ ಎದೆನೋವು ಬಂದರೆ ನಾನು ಅದೇ ಆಸ್ಪತ್ರೆಗೆ ಹೋಗಬೇಕಲ್ಲ" ಎಂದರು. ಮನೆಗೆ ಹತ್ತಿರವಿರುವುದು ಅದೊಂದೇ.