ಮಲ್ಲಪ್ಪನ ಶಕ್ತಿ, ನನ್ನ ನಡಾ

ದಸರೆ ಸೂಟಿಗೆಂದು ಗದಗಿನಿಂದ ಬಂದ ಅಕ್ಕನ ಮಗ ಬಟ್ಟೆಯ ಚೀಲಕ್ಕಿಂತ ಮೊದಲು ಲ್ಯಾಪ್‌ಟಾಪ್ ಇಳಿಸಿದ. "ಮಾಮಾ, ದಿನಾ ಮೊಬೈಲಿನ್ಯಾಗ ಇಸ್ಪೀಟ್ ಆಡತೀಯಲ್ಲ, ಒಮ್ಮೆ ಇದನ್ನ ಆಡಿ ನೋಡು" ಎಂದು ಬಾಲ್ಡರ್ಸ್ ಗೇಟ್ ಹಾಕಿಕೊಟ್ಟ. 1998ರ ಆಟ. ಅವನಿಗಿಂತ ಹಿರಿಯದು, ನನ್ನ ಮದುವೆಗಿಂತಲೂ ತುಸು ಹಿರಿಯದು. ಎರಡಕ್ಕೂ ನಿಯಮ ಓದಿಕೊಂಡು ಇಳಿಯಬೇಕಿತ್ತು.

ಮೊದಲ ಕೆಲಸ ವೀರನನ್ನು ಹುಟ್ಟಿಸುವುದು. ಮಲ್ಲಪ್ಪ ಎಂದು ಹೆಸರಿಟ್ಟೆ. ಅವನಿಗೆ ಆರು ಗುಣ: ಶಕ್ತಿ, ಚುರುಕು, ಮೈಗಟ್ಟಿತನ, ಬುದ್ಧಿ, ವಿವೇಕ, ವರ್ಚಸ್ಸು. ಇದೆಲ್ಲದರ ಮೂಲ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕದವರು ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಕಂಪ್ಯೂಟರ್ ಇಲ್ಲ, ಬರೀ ಕಾಗದ, ಪೆನ್ಸಿಲ್, ದಾಳ. ಆರು ಮುಖದ ಮೂರು ದಾಳ ಉರುಳಿಸಿದರೆ ಬಿದ್ದಷ್ಟು ಗುಣ. ಹಾಗಾಗಿ ಕಡಿಮೆ ಎಂದರೆ 3, ಹೆಚ್ಚೆಂದರೆ 18. ದಾಳ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವ್ವ ಒಳಗಿನಿಂದ "ಪಗಡಿ ಆಡಿ ಧರ್ಮರಾಯ ಏನ್ ಕಡದು ಕಟ್ಟಿ ಹಾಕಿದ?" ಎಂದಳು.

ಧರ್ಮರಾಯನಿಗೆ ಇಲ್ಲದ ಅನುಕೂಲವೊಂದು ಇದರಲ್ಲಿತ್ತು. ಹಣೆಬರಹ ಹಿಡಿಸದಿದ್ದರೆ ಅಳಿಸಿ ಮತ್ತೆ ಬರೆಸಿಕೊಳ್ಳುವ ಗುಂಡಿ! ಎಷ್ಟು ಸಲ ಒತ್ತಿದರೂ ಬ್ರಹ್ಮದೇವರು ಬೇಸರ ಮಾಡಿಕೊಳ್ಳುವುದಿಲ್ಲ. ರಾತ್ರಿ ಹತ್ತರಿಂದ ಹನ್ನೊಂದೂವರೆವರೆಗೆ ಒತ್ತಿದೆ. ಒಂದು ಗುಣದಲ್ಲಿ ಕಳೆದು ಇನ್ನೊಂದಕ್ಕೆ ಕೂಡಿಸಿಕೊಳ್ಳಲೂ ಬರುತ್ತದೆ. ವಿವೇಕದಿಂದ ಎಲ್ಲವನ್ನೂ ಬಳಿದು ಶಕ್ತಿಗೂ ಮೈಗಟ್ಟಿತನಕ್ಕೂ ಸುರಿದೆ. ಎರಡೂ 18 ಆದವು. ವಿವೇಕ 3ಕ್ಕೆ ಬಂದು ನಿಂತಿತು.

"ಬುದ್ಧಿ ಐತಲ್ಲ, ಮತ್ತ ವಿವೇಕ ಯಾಕ ಬೇಕು?" ಎಂದೆ.

"ಬುದ್ಧಿ ಅಂದ್ರ ಬ್ಯಾಂಕಿನ ಪರೀಕ್ಷಾ ಪಾಸಾಗೂದು ಮಾಮಾ. ವಿವೇಕ ಅಂದ್ರ ದೋಸ್ತನ ಸಾಲಕ್ಕ ಜಾಮೀನು ನಿಲ್ಲದ ಇರೂದು."

ಒಲೆಯ ಮುಂದಿದ್ದ ನಮ್ಮಾಕಿ ಒಂದು ಪಾತ್ರೆಯನ್ನು ಬೇಕಿದ್ದಕ್ಕಿಂತ ಜೋರಾಗಿ ಇಟ್ಟಳು. ಆ ಜಾಮೀನಿನ ಕಥೆ ಮುಂದೆ ಬರುತ್ತದೆ. ಸದ್ಯ ಇಷ್ಟು ಸಾಕು: ಧಾರವಾಡದಲ್ಲಿ ನನಗೊಬ್ಬ ದೋಸ್ತನಿದ್ದಾನೆ. ಅವನ ಕಂತಿನ ತಾರೀಖು ಅವನಿಗಿಂತ ಚೆನ್ನಾಗಿ ನನಗೆ ನೆನಪಿರುತ್ತದೆ.

ಕಾಳಗದವನಿಗೆ ಮೊದಲ ಮೆಟ್ಟಿಲಲ್ಲಿ ಪ್ರಾಣದ ಅಂಕ 10. ಮೈಗಟ್ಟಿತನ 18 ಇದ್ದದ್ದಕ್ಕೆ ಮೇಲೊಂದು 4. ಒಟ್ಟು 14. ಮಂತ್ರವಾದಿಗಾದರೆ ಬುಡದಲ್ಲಿ ಇರುವುದೇ 4, ಬೆಕ್ಕು ಪರಚಿದರೂ ಕೈಲಾಸ. ಈ ಅಂಕದ ಲೆಕ್ಕವನ್ನು ಆರ್ನೆಸನ್ ಹಡಗುಗಳ ಯುದ್ಧದ ಆಟದಿಂದ ತಂದದ್ದಂತೆ. ಹಡಗಿಗೆ ಒಂದೇ ಗುಂಡಿಗೆ ಮುಳುಗುವ ಪದ್ಧತಿ ಇಲ್ಲ, ಇಷ್ಟಿಷ್ಟೇ ಏಟು ತಾಳಿಕೊಳ್ಳುತ್ತದೆ. ಮನುಷ್ಯನೂ ಹಾಗೇ ತಾಳಿಕೊಳ್ಳಲಿ ಎಂಬ ಆಸೆ.

ಆದರೆ ನನ್ನನ್ನು ಹಾಳು ಮಾಡಿದ್ದು ಇನ್ನೊಂದು ವಿಷಯ. ಮಲ್ಲಪ್ಪನಿಗೆ ತೋಳ ಕಚ್ಚಿತು, 14 ಇದ್ದದ್ದು 9 ಆಯಿತು, 5 ಆಯಿತು, 1ಕ್ಕೆ ಬಂತು. ಅವನ ಕತ್ತಿ ಮಾತ್ರ 14 ಇದ್ದಾಗ ಹೇಗೆ ಬೀಸುತ್ತಿತ್ತೋ ಹಾಗೇ ಬೀಸುತ್ತಿತ್ತು! ಕುಂಟುವುದಿಲ್ಲ, ನರಳುವುದಿಲ್ಲ, "ಅವ್ವಾ" ಎನ್ನುವುದಿಲ್ಲ. ಸೊನ್ನೆ ಆಗುವತನಕ ಪೂರಾ ಪೈಲ್ವಾನ. ಆಮೇಲೆ ಒಂದು ಸೀಸೆ ಔಷಧ ಗಟಗಟ ಕುಡಿದ, ಗಾಯವೇ ಆಗಿರಲಿಲ್ಲ ಎಂಬಂತೆ ಹೊರಟ. ಅದನ್ನೇ ನೋಡುತ್ತ ಮಲಗಿದೆ.

ಬೆಳಿಗ್ಗೆ ಗ್ಯಾಸ್ ಮುಗಿಯಿತು. ತುಂಬಿದ ಸಿಲಿಂಡರ್ ವರಾಂಡದಲ್ಲಿತ್ತು. ಒಳಗೆ 14.2 ಕಿಲೋ ಗ್ಯಾಸ್, ಅದಕ್ಕೂ ಮಿಗಿಲಾದ ಕಬ್ಬಿಣ. ಯಾವಾಗಲೂ ಅದನ್ನು ಉರುಳಿಸಿಕೊಂಡು ತರುತ್ತೇನೆ. ಅವತ್ತು ಮಲ್ಲಪ್ಪ ಮೈಮೇಲೆ ಬಂದಿದ್ದ. ಬಗ್ಗಿ, ಎರಡೂ ಕೈಯಿಂದ ಹಿಡಿದು, ಒಮ್ಮೆಲೇ ಎತ್ತಿದೆ. ಎತ್ತಿದೆನೇ ಹೊರತು ಏಳಲಿಲ್ಲ. ನಡದಲ್ಲಿ ಏನೋ 'ಚಳಕ್' ಎಂದಿತು. ಸಿಲಿಂಡರ್ ನೆಲಕ್ಕೆ ಹೋಯಿತು. ನಾನು ಮಾತ್ರ ಹೊಸಿಲಿಗೆ ನಮಸ್ಕಾರ ಮಾಡುವವನ ಭಂಗಿಯಲ್ಲೇ ಉಳಿದೆ.

ಹೋದದ್ದು ಒಂದು ಅಂಕ ಇರಬಹುದು. ಅಷ್ಟಕ್ಕೇ ಲುಂಗಿ ಬಿಗಿಯಲು ಬರುತ್ತಿಲ್ಲ, ಸೀನಲು ಬರುತ್ತಿಲ್ಲ, ನಗಲಂತೂ ಬರುತ್ತಿಲ್ಲ. ನಗುವ ಕೆಲಸ ಅಳಿಯ ನೋಡಿಕೊಳ್ಳುತ್ತಿದ್ದ.

ಹಳೇ ಹುಬ್ಬಳ್ಳಿಯಿಂದ ವಿದ್ಯಾನಗರದ ಡಾಕ್ಟರ ಹತ್ತಿರ ಆಟೋದಲ್ಲಿ ಹೋದೆವು. ನಮ್ಮೂರ ರಸ್ತೆಯ ವರ್ಣನೆ ಬೇಡ. ಆಟೋದವ ಮಾತ್ರ ಒಂದೊಂದು ತಗ್ಗು ಬಂದಾಗಲೂ "ಗಟ್ಟಿ ಹಿಡ್ಕೋರಿ ಸರ" ಎಂದು ಮೊದಲೇ ಹೇಳುತ್ತಿದ್ದ. ತೋಳಕ್ಕೆ ಆ ಸೌಜನ್ಯ ಇರಲಿಲ್ಲ.

"ನೋವು ಎಷ್ಟೈತ್ರಿ? ಸೊನ್ನೆಯಿಂದ ಹತ್ತರೊಳಗ ಒಂದು ನಂಬರ್ ಹೇಳ್ರಿ" ಎಂದರು ಡಾಕ್ಟರು.

ಅಂದರೆ ಇಲ್ಲೂ ಅಂಕ ಇದೆ! ಸಂಭ್ರಮದಲ್ಲಿ "ಹದಿನಾಲ್ಕು" ಎಂದುಬಿಟ್ಟೆ.

"ಹತ್ತರೊಳಗ್ರಿ."

"ಹಂಗಾದ್ರ ಒಂದು ಉಳದೈತ್ರಿ."

ಡಾಕ್ಟರು ನಮ್ಮಾಕಿಯ ಕಡೆ ನೋಡಿದರು. "ರಾತ್ರಿಯಿಂದ ಹಿಂಗ ಮಾತಾಡಾಕತ್ತಾರ್ರಿ" ಎಂದಳು ಆಕೆ. ಡಾಕ್ಟರು ಒತ್ತಿ, ಕಾಲು ಎತ್ತಿಸಿ ನೋಡಿದರು. ಎಲುಬಿಗೇನೂ ಆಗಿಲ್ಲ, ಸ್ನಾಯು ಸೆಳೆದಿದೆ ಎಂದರು. ಗುಳಿಗೆ, ಹಚ್ಚಿಕೊಳ್ಳಲು ಮುಲಾಮು. ಬಹಳ ಮಲಗಬೇಡಿ, ಮನೆಯಲ್ಲೇ ನಿಧಾನ ಅಡ್ಡಾಡಿ ಎಂದೂ ಹೇಳಿದರು. ಗಟಗಟ ಕುಡಿಯುವಂಥದ್ದು ಏನೂ ಬರೆದುಕೊಡಲಿಲ್ಲ.

ಮಲಗಬೇಡಿ ಎಂದದ್ದು ನನಗೆ ಸೇರಲಿಲ್ಲ. ಅಳಿಯನನ್ನು ಕೇಳಿದೆ. ಅವನ ಹತ್ತಿರ ಆ ಕಾಗದದ ಆಟದ ಎರಡನೇ ಆವೃತ್ತಿಯ ನಿಯಮವಿತ್ತು: ಸಾಮಾನ್ಯ ವಿಶ್ರಾಂತಿಗೆ ದಿನಕ್ಕೆ 1 ಅಂಕ ವಾಪಸು, ಇಡೀ ದಿನ ಏನೂ ಮಾಡದೆ ಹಾಸಿಗೆಯಲ್ಲೇ ಬಿದ್ದಿದ್ದರೆ 3. ನನ್ನದು 13 ಹೋಗಿದೆ ಎಂದು ಹಿಡಿದರೆ, ಹಾಸಿಗೆ ಬಿಡದಿದ್ದರೆ ಐದೇ ದಿನ. ಎದ್ದು ಅಡ್ಡಾಡಿದರೆ ಹದಿಮೂರು. ಲೆಕ್ಕ ಇಷ್ಟು ಸ್ಪಷ್ಟವಾಗಿ ನನ್ನ ಪರವಾಗಿ ಬಂದದ್ದು ಇದೇ ಮೊದಲು. ನಮ್ಮಾಕಿಗೆ ವಿವರಿಸಿದೆ.

"ಹದಿಮೂರು ದಿನಾ ಆಗಲಿ ಬಿಡ್ರಿ" ಎಂದು ಮೆಂತೆ ಸೊಪ್ಪಿನ ಸಿವುಡು ಮುಂದಿಟ್ಟಳು. ಆದರೂ ರಾತ್ರಿ ಉಪ್ಪು ಹುರಿದು, ಅರಿವೆಯಲ್ಲಿ ಗಂಟು ಕಟ್ಟಿ, ನಡಕ್ಕೆ ಕಾಸಿದವಳೂ ಅವಳೇ.

ಎರಡು ದಿನಕ್ಕೆ ಮುಕ್ಕಾಲು ಭಾಗ ಕಡಿಮೆಯಾಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವ್ವನಿಗೆ ಗುಳಿಗೆಯ ಮೇಲೆ ನಂಬಿಕೆಯಿಲ್ಲ. "ಕಾಲು ಮುಂದ ಮಾಡಿ ಹುಟ್ಟಿದವರು ಮೂರು ಸಲ ಒದ್ರ ಹಿಡದ ನಡಾ ಬಿಡತೈತಿ" ಎನ್ನುವುದು ಅವಳ ಶಾಸ್ತ್ರ. ಓಣಿಯಲ್ಲಿ ಅಂಥವರು ಯಾರೂ ಸಿಗಲಿಲ್ಲ. ಆಗ ಅವಳಿಗೆ ನೆನಪಾಯಿತು: "ಅಲ್ಲೋ, ಧಾರವಾಡದಾಗಿನ ನಿನ್ನ ದೋಸ್ತ! ಅವರವ್ವ ಹೇಳ್ತಿದ್ಲು, ಅಂವ ಕಾಲಿಂದನ ಹುಟ್ಯಾನಂತ."

ಕಂತು ಕೇಳಲು ಫೋನ್ ಮಾಡಿದರೆ ಹದಿನೈದು ದಿನ ಸಿಗದವನು, ಒದೆಯಲು ಕರೆದರೆ ಮೊದಲ ರಿಂಗಿಗೇ ಎತ್ತಿದ. ಒಂದೂವರೆ ತಾಸಿನಲ್ಲಿ ಚಿಗರಿ ಬಸ್ ಹತ್ತಿ, ಕೈಯಲ್ಲಿ ಕಾಲು ಕಿಲೋ ಪೇಡೆ ಹಿಡಿದು ಹಾಜರಾದ. ಎಂಥ ಭಕ್ತಿ! ಚಪ್ಪಲಿ ಬಿಟ್ಟು, ಕಾಲು ತೊಳೆದು, ಪೂರ್ವಕ್ಕೆ ಮುಖ ಮಾಡಿ ನಿಂತ. ನಾನು ಗೋಡೆ ಹಿಡಿದು ಬಗ್ಗಿದೆ.

ಮೊದಲನೆಯದು ಮೆತ್ತಗೆ ಬಿತ್ತು. ಎರಡನೆಯದರಲ್ಲಿ ಹಳೆಯ ಗೆಳೆತನ ಇತ್ತು. ಮೂರನೆಯದರಲ್ಲಿ, ನಾನು ಮಾಡಿದ ಅಷ್ಟೂ ಫೋನುಗಳ ಹಿಶೇಬು ಇತ್ತು.

"ಬಿಡ್ತನು? ಇಲ್ಲಾಂದ್ರ ಇನ್ನೊಂದು ಹಾಕ್ತೇನಿ" ಎಂದ.

ನೆಟ್ಟಗೆ ನಿಂತುಬಿಟ್ಟೆ. "ನೋಡ್ರಿ, ಎದ್ದ! ಗುಳಿಗಿ ಅಂತ ಗುಳಿಗಿ!" ಎಂದು ಅವ್ವ ಕೈ ಮುಗಿದಳು. ವೈದ್ಯರಿಗೆ ದಕ್ಷಿಣೆ ಕೊಡದೆ ಕಳಿಸಬಾರದಂತೆ. ಅಳಿಯನನ್ನು ದುರ್ಗದ ಬೈಲಿಗೆ ಓಡಿಸಿ ಗಿರಮಿಟ್ಟು, ಮಿರ್ಚಿ ತರಿಸಿದೆವು. ದೋಸ್ತ ಎರಡು ಪ್ಲೇಟು ಗಿರಮಿಟ್ಟು, ಐದು ಮಿರ್ಚಿ ತಿಂದು, ಚಹಾ ಕುಡಿದು, ತಾನು ತಂದ ಪೇಡೆಯಲ್ಲಿ ಎರಡನ್ನು ಬಾಯಿಗೆ ಹಾಕಿಕೊಂಡು ಎದ್ದ. ಬಾಗಿಲತನಕ ಕಳಿಸಲು ಹೋದೆ. ಮೆಟ್ಟಿಲು ಇಳಿಯುತ್ತ ತಿರುಗಿ ನೋಡಿದ.

"ದೋಸ್ತ, ಈ ತಿಂಗಳ ಕಂತು ಸ್ವಲ್ಪ ನೀನ ನೋಡ್ಕೋ. ಮುಂದಿನ ತಿಂಗಳಿಂದ ನಾ ಅದೀನಿ."

ನಡಾ ಇನ್ನೂ ಚುರುಗುಡುತ್ತಿತ್ತು. "ಹೂಂ" ಎಂದೆ.

ಒಳಗಿನಿಂದ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, ಅಳಿಯ ಹೇಳಿದ: "ವಿವೇಕ ಮೂರು, ಮಾಮಾ."