ಕೆಟ್ಟಿರುವುದು ಯಂತ್ರವಲ್ಲ, ಅಜ್ಜಿ

ಕಂಪ್ಯೂಟರಿಗೆ ಮನಸ್ಸಿನ ಮಾತು ಮುಟ್ಟಿಸುವ ಸಾಧನ ಮುಂದೆ ಹೇಗಿರಬೇಕು ಎಂದು ಅಮೆರಿಕದವರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. 1968ರ ಡಿಸೆಂಬರ್‌ನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಸಾವಿರ ಜನರೆದುರು ಮೌಸ್ ಓಡಿಸಿ ತೋರಿಸಿದರು. ಆಮೇಲೆ ಟಚ್ ಸ್ಕ್ರೀನ್ ಬಂತು, ಬಾಯಲ್ಲಿ ಹೇಳಿದರೆ ಕೇಳುವ ಫೋನ್ ಬಂತು, 2024ರ ಜನವರಿಯಲ್ಲಿ ನ್ಯೂರಾಲಿಂಕ್‌ನವರು ಮನುಷ್ಯನ ಮೆದುಳಿಗೇ ಚಿಪ್ ಕೂರಿಸಿದರು. ಪಾಪ, ಇಷ್ಟೆಲ್ಲ ಕಷ್ಟಪಡುವ ಬದಲು ಒಮ್ಮೆ ಮಲೆನಾಡಿನ ಯಾವುದಾದರೂ ಸೊಸೈಟಿಗೆ ಬಂದು ಹೋಗಿದ್ದರೆ ಸಾಕಿತ್ತು. ಇಲ್ಲಿ ಆ ಪ್ರಶ್ನೆ ಯಾವತ್ತೋ ಬಗೆಹರಿದಿದೆ. ಸಾಧನ ಎಂದರೆ ರೇಷನ್ ಕಾರ್ಡಿನವರು.

ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರ ಬೆರಳೆಲ್ಲ ಚೊಗರು ಹತ್ತಿ ಕಪ್ಪಾಗಿರುತ್ತದೆ. ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕೂತು ಸವೆದ ಆ ತುದಿಯಲ್ಲಿ ರೇಖೆ ಹುಡುಕುವುದು ಕೈ ನೋಡಿ ಭವಿಷ್ಯ ಹೇಳುವವನಿಂದಲೂ ಆಗದ ಮಾತು. ಆ ಬೆರಳು ಹೊತ್ತುಕೊಂಡು ಅಜ್ಜಿ ಸೊಸೈಟಿಯ ಕಟ್ಟೆ ಹತ್ತುತ್ತಾಳೆ.

"ತಂಬ್ ಕೊಡಿ ಅಜ್ಜಿ."

ಕೊಡುತ್ತಾಳೆ. ಯಂತ್ರ ಕೀಂ ಎನ್ನುತ್ತದೆ.

"ಬರ್ತಾ ಇಲ್ಲ. ಒರೆಸಿ ಇಡಿ."

ಸೆರಗಿಗೆ ಒರೆಸಿ ಇಡುತ್ತಾಳೆ. ಕೀಂ.

"ತಲೆಗೆ ಸವರಿ ಇಡಿ. ಎಣ್ಣೆ ಪಸೆ ಇದ್ರೆ ತಗಳತ್ತೆ."

ಸವರಿದ್ದೂ ಆಯಿತು. ಎಡಗೈ ಆಯಿತು, ಕಿರುಬೆರಳೂ ಆಯಿತು.

"ನಿಮ್ ಬೆರಳೇ ಸರಿ ಇಲ್ಲ ಅಜ್ಜಿ. ಪೇಟೆಗೆ ಹೋಗಿ ಅಪ್‌ಡೇಟ್ ಮಾಡಿಸ್ಕಂಡು ಬನ್ನಿ."

ಕೀಬೋರ್ಡ್ ಕೆಟ್ಟರೆ ಲೋಕದಲ್ಲಿ ಕೀಬೋರ್ಡ್ ಬದಲಿಸುತ್ತಾರೆ. ನಮ್ಮಲ್ಲಿ ಅಜ್ಜಿಯನ್ನು ರಿಪೇರಿಗೆ ಕಳಿಸುತ್ತಾರೆ. ದ್ರೋಣಾಚಾರ್ಯರು ಏಕಲವ್ಯನಿಂದ ಹೆಬ್ಬೆರಳು ಕೇಳಿದ್ದು ಒಂದೇ ಸಲ. ಈ ಪೆಟ್ಟಿಗೆ ತಿಂಗಳು ತಿಂಗಳೂ ಕೇಳುತ್ತದೆ, ಕೊಟ್ಟರೆ ಬೇಡ ಎನ್ನುತ್ತದೆ. ಬೇರೆ ದಾರಿಯೇ ಇಲ್ಲವೆಂದಲ್ಲ. ಒಟಿಪಿ ಇದೆ. ಒಟಿಪಿ ಬರುವ ನಂಬರು ಮಗನದ್ದು, ಮಗ ಬೆಂಗಳೂರಿನಲ್ಲಿ, ಫೋನ್ ಮಾಡಿದರೆ ಮೀಟಿಂಗಿನಲ್ಲಿ.

ಹೆಬ್ಬೆಟ್ಟಿನ ವಿದ್ಯೆ ನಮ್ಮ ನೆಲದಲ್ಲೇ ಬೆಳೆದದ್ದು ಎಂಬ ಹೆಮ್ಮೆ ಬೇಕಾದರೆ ಪಡಬಹುದು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಸಾಹೇಬ ಕರಾರುಪತ್ರದ ಮೇಲೆ ಗುತ್ತಿಗೆದಾರನ ಅಂಗೈ ಒತ್ತಿಸಿಕೊಂಡ, ಕೊಟ್ಟ ಮಾತಿಗೆ ತಪ್ಪದಿರಲಿ ಅಂತ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ತೆರೆಯಿತು. ಲೆಕ್ಕ ಹಾಕಿ ಪದ್ಧತಿ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಹೋದದ್ದು ಅವರ ಮೇಲಿನ ಸಾಹೇಬ ಹೆನ್ರಿಗೆ. (ಕಚೇರಿಯ ಈ ಪದ್ಧತಿ ಮಾತ್ರ ಅಪ್‌ಡೇಟ್ ಇಲ್ಲದೆ ಇವತ್ತಿಗೂ ಚೆನ್ನಾಗಿ ಓಡುತ್ತಿದೆ.) ಆಗ ಬೆರಳು ಬೇಕಾಗಿದ್ದು ಕಳ್ಳರನ್ನು ಹಿಡಿಯಲಿಕ್ಕೆ, ಈಗ ಅಕ್ಕಿ ಕೊಡಲಿಕ್ಕೆ.

ನಡುವೆ ಒಂದು ತಮಾಷೆ ನಡೆಯಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ, ಹೆಬ್ಬೆಟ್ಟು ಒತ್ತುವುದು ನಾಚಿಕೆಗೇಡು, ಸಹಿ ಕಲಿಯಿರಿ ಎಂದು ಊರೂರಲ್ಲಿ ಸಂಜೆ ಪಾಠ ಹೇಳಿದರು. ಅಜ್ಜಿ ಸ್ಲೇಟು ಹಿಡಿದು, ಮೊಮ್ಮಕ್ಕಳಿಂದ ನಗಿಸಿಕೊಂಡು, ಹೆಸರು ಬರೆಯಲು ಕಲಿತಳು. 2010ರಲ್ಲಿ ಆಧಾರ್ ಬಂತು: ಹತ್ತು ಬೆರಳು, ಎರಡು ಕಣ್ಣು, ಒಂದು ಮುಖ. ಈಗ ಸಹಿ ಬಲ್ಲ ಅಜ್ಜಿಗೂ ಹೆಬ್ಬೆಟ್ಟೇ ಗತಿ, ಪಿಎಚ್‌ಡಿ ಮಾಡಿದವರಿಗೂ ಹೆಬ್ಬೆಟ್ಟೇ ಗತಿ. ಅನಕ್ಷರತೆಯನ್ನು ಇಷ್ಟು ಸಮನಾಗಿ ಹಂಚಿದ ಯೋಜನೆ ಇನ್ನೊಂದಿಲ್ಲ.

ಬೆರಳು ಬಾರದಿದ್ದರೆ ಮುಖ. ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಫೋನಿನ ಮುಂದೆ ಕಣ್ಣು ಮಿಟುಕಿಸುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಎದುರು ನಿಂತು ಜಗಳವಾಡಿದರೆ ಅದು ಬದುಕಿರುವುದಕ್ಕೆ ಪುರಾವೆಯಲ್ಲ. ಉದ್ಯೋಗ ಖಾತ್ರಿಯಲ್ಲಂತೂ 2023ರ ಜನವರಿಯಿಂದ ಕೂಲಿಯವರ ಫೋಟೊ ದಿನಕ್ಕೆರಡು ಸಲ ಆ್ಯಪಿಗೆ ಹಾಕುವುದು ಕಡ್ಡಾಯವಾಯಿತು. ಕಳ್ಳಾಟ ನಿಲ್ಲಲಿ ಎಂದು ತಂದ ಈ ಏರ್ಪಾಡಿನಲ್ಲಿ ಹಳೆಯ ಫೋಟೊದ ಫೋಟೊ ತೆಗೆದು ಹಾಜರಿ ಹಾಕುತ್ತಿದ್ದಾರೆಂದು 2025ರಲ್ಲಿ ಕೇಂದ್ರದ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಿತು. ಹೊಲಕ್ಕೆ ಕಾಲಿಡದ ಫೋಟೊಗೆ ಹಾಜರಿ ಬಿತ್ತು. ದುಡಿದು ಸವೆದ ಬೆರಳಿಗೆ ಅಕ್ಕಿ ಬೀಳಲಿಲ್ಲ.

ಮೆದುಳಿನ ಚಿಪ್ಪೂ ಸೊಸೈಟಿಗೆ ಬಂದೇ ಬರುತ್ತದೆ. ಟೆಂಡರ್ ಕರೆಯುವುದೊಂದು ಬಾಕಿ.

"ಅಜ್ಜಿ, ಅಕ್ಕಿ ಅಂತ ಗಟ್ಟಿಯಾಗಿ ಯೋಚನೆ ಮಾಡಿ."

"ಮಾಡ್ದೆ ಕಣಪ್ಪ."

"ಇಲ್ಲಿ ಎಮ್ಮೆ ಅಂತ ಬರ್ತಾ ಇದೆ."

"ಕರು ಕಟ್ಟಿದ್ನೋ ಇಲ್ವೋ ಅಂತ ಒಂದ್ಸಲ ಮನಸ್ಸಿಗೆ ಬಂತು."

"ಎಮ್ಮೆಗೆಲ್ಲ ಇಲ್ಲಿ ಆಪ್ಷನ್ ಇಲ್ಲ. ಬರೀ ಅಕ್ಕಿ... ಥೋ, ಸರ್ವರ್ ಹೋಯ್ತು. ಮಧ್ಯಾಹ್ನ ಊಟ ಮಾಡ್ಕಂಡು ಬಂದು ಯೋಚನೆ ಮಾಡಿ."

"ಊಟಕ್ಕೇ ಅಲ್ವನಪ್ಪ ಅಕ್ಕಿ ಕೇಳ್ತಿರೋದು?"

"ಅದೆಲ್ಲ ನಂಗೊತ್ತಿಲ್ಲ ಅಜ್ಜಿ. ಬರುವಾಗ ತಲೇದು ಎರಡು ಜೆರಾಕ್ಸ್ ತನ್ನಿ, ಕೆಳಗೆ ಸಹಿ ಇರ್ಲಿ. ಸಹಿ ಬರ್ದಿದ್ರೆ ಹೆಬ್ಬೆಟ್ಟಾದ್ರೂ ನಡೀತದೆ."